ಕಂಡರಿಸಿದ ಮಾತುಗಳ ನಾಡು

ಬೆಂಗಳೂರಿನಿಂದ ಹುಬ್ಬಳ್ಳಿಯ ಕಡೆಗೆ ಹೊರಟ ರೈಲು ಅರಸೀಕೆರೆಯನ್ನು ಬಿಟ್ಟು ಬೀರೂರನ್ನು ಮುಟ್ಟುವ ಮೊದಲು ಕಡೂರನ್ನು ಹಾಯುತ್ತದೆ. ಬೀರೂರಿನಲ್ಲಿ ಹಾದಿ ಎರಡಾಗುವುದು. ಒಂದು ಕವಲು ತರೀಕೆರೆಯ ಮೇಲೆ ಶಿವಮೊಗ್ಗೆಗೆ ಸಾಗಿದರೆ, ಮತ್ತೊಂದು ಅಜ್ಜಂಪುರದ ಮೇಲೆ ಚಿಕ್ಕಜಾಜೂರಿನ ಕಡೆಗೆ ತಿರುಗುತ್ತದೆ. ಕೆಮ್ಮಣ್ಣುಗುಂಡಿಗೋ ಕಲ್ಲತ್ತಿಗಿರಿಗೋ ಸಂಸಾರಸಮೇತ ಹೊರಟ ಪ್ರವಾಸಿಗೆ ಈ ಮೂರು ಊರುಗಳು ಕಾಫಿ ಕುಡಿದು ಕಾಲು ನೀಡಿಕೊಳ್ಳುವ ತಂಗುದಾಣಗಳೇ ಹೊರತು ನೋಡತಕ್ಕ ಸ್ಥಳಗಳಲ್ಲ. ಕಡೂರಿನ ತೆಂಗು, ತರೀಕೆರೆಯ ಅಡಕೆ, ಅಜ್ಜಂಪುರದ ಎರೆಯ ಹೊಲಗಳಲ್ಲಿ ಬೆಳೆಯುವ ಈರುಳ್ಳಿ, ಇಷ್ಟನ್ನು ಕಿಟಕಿಯಿಂದಲೇ ಕಂಡು, ಪಶ್ಚಿಮದಲ್ಲಿ ನೀಲಿಯಾಗಿ ಎದ್ದ ಬಾಬಾಬುಡನ್ ಬೆಟ್ಟಗಳತ್ತ ಮುಖ ತಿರುಗಿಸುವುದೇ ರೂಢಿ.

ಆದರೆ ಈ ಬಯಲಿನಲ್ಲಿ ಬೆಟ್ಟಕ್ಕಿಂತ ಹಳೆಯದಲ್ಲದಿದ್ದರೂ ಬೆಟ್ಟದಷ್ಟೇ ಸ್ಥಿರವಾಗಿ ನಿಂತಿರುವ ವಸ್ತುವೊಂದುಂಟು. ಅದು ಮಾತು. ಮನೆಯೊಳಗೆ ಆಡಿ ಮರೆಯುವ ಮಾತಲ್ಲ. ಹತ್ತು ಮಂದಿಯ ಎದುರಿಗೆ ಸಾರಿ, ಕಲ್ಲಿನಲ್ಲಿ ಕಂಡರಿಸಿ, ಸರ್ಕಾರದ ಮುದ್ರೆಯೊತ್ತಿ ಹೊರಡಿಸಿದ ಮಾತು. ಅಂಥ ಮಾತನ್ನು ಆರಿಸುವವನ ಕಷ್ಟ ಎಷ್ಟೆಂಬುದನ್ನು ಅರಿಯಬೇಕಾದರೆ ಈ ಮೂರು ಊರುಗಳಿಗಿಂತ ಒಳ್ಳೆಯ ಪಾಠಶಾಲೆ ಮೈಸೂರು ಸೀಮೆಯಲ್ಲಿ ಹೆಚ್ಚಿಲ್ಲ.

ಹಳೆಯ ಶಾಸನಗಳನ್ನು ಊರೂರು ತಿರುಗಿ ಪ್ರತಿಮಾಡಿಸಿದ ಬಿ. ಎಲ್. ರೈಸ್ ಅವರು ‘ಎಪಿಗ್ರಾಫಿಯಾ ಕರ್ನಾಟಿಕ’ದ ಆರನೆಯ ಸಂಪುಟವನ್ನು ಈ ಪ್ರದೇಶಕ್ಕೇ ಮೀಸಲಿಟ್ಟರು. ೧೯೦೧ರಲ್ಲಿ ಅದು ಪ್ರಕಟವಾದಾಗ ಅದರ ಮೇಲಿದ್ದ ಹೆಸರು ಕಡೂರು ಜಿಲ್ಲೆ. ಕಡೂರಿಗೆ ಆ ಕಾಲದಲ್ಲಿ ಜಿಲ್ಲೆಯ ಹೆಸರಿತ್ತು, ಜಿಲ್ಲೆಯ ಕಚೇರಿ ಇರಲಿಲ್ಲ. ೧೮೬೩ರಲ್ಲಿ ಜಿಲ್ಲೆ ಏರ್ಪಟ್ಟ ಎರಡೇ ವರ್ಷಗಳಲ್ಲಿ ಕಚೇರಿಗಳು ಚಿಕ್ಕಮಗಳೂರಿಗೆ ಏರಿಹೋದವು. ಹೆಸರು ಮಾತ್ರ ೧೯೪೭ರವರೆಗೆ ಕೆಳಗಿನ ಬಯಲಿನಲ್ಲಿಯೇ ಉಳಿಯಿತು. ಎಂಬತ್ತು ವರ್ಷಗಳಿಗೂ ಮೀರಿ ಕಾಗದದ ಮೇಲೆ ಜಿಲ್ಲೆಯಾಗಿದ್ದ ಊರು ಅದರಿಂದ ಗಳಿಸಿದ್ದೇನೆಂದು ಕೇಳಿದರೆ ಕಡೂರಿನ ಹಿರಿಯರು ನಕ್ಕುಬಿಟ್ಟಾರು.

ಕಡೂರಿನ ಶಾಸನಗಳಲ್ಲಿ ಮನಸ್ಸನ್ನು ಹಿಡಿದು ನಿಲ್ಲಿಸುವಂಥದು ಕ್ರಿ. ಶ. ೯೭೧ರದು. ಅದು ಒಬ್ಬ ಹೆಣ್ಣುಮಗಳ ಮರಣದ ಸ್ಮಾರಕ. ಆಕೆಯ ಹೆಸರು ಪಾಂಬಬ್ಬೆ. ಗಂಗರ ಅರಸು ಬೂತುಗನಿಗೆ ಅಕ್ಕ, ದೋರಪಯ್ಯನೆಂಬವನ ಅರಸಿ. ಆಕೆ ಜೈನ ವಿಧಿಯಂತೆ ತಲೆಗೂದಲನ್ನು ಕಿತ್ತುಕೊಂಡು, ಅರಮನೆಯನ್ನು ತೊರೆದು, ಮೂವತ್ತು ವರ್ಷ ತಪಸ್ಸು ಮಾಡಿ, ವ್ರತಗಳನ್ನು ಪಾಲಿಸಿ ದೇಹವನ್ನು ಬಿಟ್ಟಳೆಂದು ಕಲ್ಲು ಸಾರುತ್ತದೆ.

ಈ ಕಲ್ಲಿನ ಮಾತನ್ನು ಬರೆದವನ ಎದುರಿಗಿದ್ದ ತೊಡಕನ್ನು ವಾಚಕರು ಕ್ಷಣಕಾಲ ಯೋಚಿಸಬೇಕು. ಸತ್ತವಳು ಬಂಧುಬಳಗವನ್ನೂ ಪದವಿಯನ್ನೂ ಬಿಟ್ಟು ಮೂವತ್ತು ವರ್ಷ ಬದುಕಿದವಳು. ಅವಳನ್ನು ‘ಬೂತುಗನ ಅಕ್ಕ’ ಎಂದರೆ ಅವಳು ಬಿಟ್ಟದ್ದನ್ನೇ ಮತ್ತೆ ಅವಳ ಕೊರಳಿಗೆ ಕಟ್ಟಿದಂತಾಗುವುದು. ಅನ್ನದಿದ್ದರೆ ದಾರಿಹೋಕನಿಗೆ ಅವಳು ಬಿಟ್ಟದ್ದು ಏನೆಂಬುದೇ ತಿಳಿಯದು. ತ್ಯಾಗದ ತೂಕವೇ ಮರೆಯಾಗುವುದು. ಬರೆದವನು ಹೆಸರನ್ನೂ ನಂಟನ್ನೂ ಹೇಳಿ, ತಪಸ್ಸಿನ ವರ್ಷಗಳನ್ನೂ ಎಣಿಸಿ ಕೊಟ್ಟನು. ಇಂದಿಗೆ ಬೂತುಗನನ್ನು ಚರಿತ್ರೆಯ ವಿದ್ಯಾರ್ಥಿಗಳು ಮಾತ್ರ ಬಲ್ಲರು. ಆ ಮೂವತ್ತು ವರ್ಷವೆಂಬ ಎಣಿಕೆಯಾದರೋ ಯಾರು ಓದಿದರೂ ಎದೆಗೆ ತಾಗುತ್ತದೆ.

ಸಾವಿಗೆ ಹಳಗನ್ನಡದ ಶಾಸನಗಳಲ್ಲಿ ಎಷ್ಟು ಮಾತುಗಳು! ಜೈನ ಯತಿಯಾದರೆ ಸನ್ಯಸನವಿಧಿಯಿಂದ ಮುಡಿಪಿದನು. ಯುದ್ಧದಲ್ಲಿ ಬಿದ್ದ ಭಟನಾದರೆ ಸುರಲೋಕವನ್ನು ಪಡೆದನು. ‘ಸತ್ತನು’ ಎಂದು ಬರೆದವರೂ ಉಂಟು, ಇಲ್ಲವೆಂದಲ್ಲ. ಆದರೆ ಊರ ಮುಂದೆ ನಿಲ್ಲಿಸುವ ಕಲ್ಲಿನಲ್ಲಿ ಯಾವ ಮಾತಿರಬೇಕೆಂಬುದನ್ನು ಸತ್ತವನ ಧರ್ಮ, ಅಂತಸ್ತು, ಸತ್ತ ಬಗೆ ಇವನ್ನೆಲ್ಲ ನೋಡಿ ನಿಶ್ಚಯಿಸುತ್ತಿದ್ದರು. ಅಳತೆ ತಪ್ಪಿದ ಅಂಗಿಯಂತೆ ಅಳತೆ ತಪ್ಪಿದ ಮಾತೂ ಎದ್ದು ಕಾಣುವುದಲ್ಲವೆ?

ಕಡೂರಿನಿಂದ ಬೀರೂರನ್ನು ದಾಟಿ ತರೀಕೆರೆಯತ್ತ ಸಾಗಿದಂತೆ ಬಯಲಿನ ಒಣಗಾಳಿ ಹಿಂದೆ ಸರಿದು ಮಲೆನಾಡಿನ ತಂಪು ಮುಂದೆ ಬರುತ್ತದೆ. ತರೀಕೆರೆಯು ಪಾಳೆಯಗಾರರ ಊರು. ೧೮೩೦-೩೧ರ ನಗರದ ದಂಗೆಯಲ್ಲಿ ಇಲ್ಲಿನ ನಾಯಕರ ಮನೆತನವೂ ಸೇರಿತ್ತು; ಆ ಗಲಭೆಯೇ ನೆಪವಾಗಿ ಮೈಸೂರಿನ ಆಡಳಿತ ಐವತ್ತು ವರ್ಷ ಇಂಗ್ಲಿಷರ ಕೈಸೇರಿತು. ಅದು ಬೇರೆಯೇ ಕಥೆ. ಇಲ್ಲಿ ನೋಡಬೇಕಾದದ್ದು ಊರಿನಿಂದ ಸುಮಾರು ೧೦ ಕಿಲೋಮೀಟರು ಆಚೆಗಿರುವ ಅಮೃತಾಪುರ.

ಹೊಯ್ಸಳ ದೇವಾಲಯವೆಂದರೆ ಬೇಲೂರು, ಹಳೇಬೀಡು ಎಂದಷ್ಟೇ ನೆನೆಯುವವರು ಇಲ್ಲಿಗೆ ಬಂದರೆ ಮೊದಲು ಮೌನಕ್ಕೆ ಬೆರಗಾಗುವರು. ಇಮ್ಮಡಿ ವೀರಬಲ್ಲಾಳನ ದಂಡನಾಯಕನಾಗಿದ್ದ ಅಮೃತೇಶ್ವರನು ೧೧೯೬ರಲ್ಲಿ ಕಟ್ಟಿಸಿದ ಶಿವಾಲಯವಿದು. ಕಟ್ಟಿಸಿದವನ ಹೆಸರೇ ದೇವರಿಗೂ ಆಯಿತು, ಊರಿಗೂ ಆಯಿತು. ಒಂದೇ ಗರ್ಭಗುಡಿ, ಅದರ ಮುಂದೆ ಮುಚ್ಚಿದ ಮಂಟಪ, ಅದಕ್ಕೆ ಹೊಂದಿಕೊಂಡು ಇಪ್ಪತ್ತೊಂಬತ್ತು ಅಂಕಣಗಳ ತೆರೆದ ಮಹಾಮಂಟಪ. ಕಡೆದ ಕಂಬಗಳ ಸಾಲು ಬಿಸಿಲಿನಲ್ಲಿ ಎಣ್ಣೆ ಹಚ್ಚಿದಂತೆ ಹೊಳೆಯುತ್ತದೆ. ಮುಂದೆ ಸೋಮನಾಥಪುರದಲ್ಲಿ ಹೆಸರಾದ ರೂವಾರಿ ಮಲ್ಲಿತಮ್ಮನು ತನ್ನ ಕಸುಬನ್ನು ಆರಂಭಿಸಿದುದು ಇಲ್ಲಿನ ಒಳಛಾವಣಿಗಳಲ್ಲಿ ಎಂದು ವಿದ್ವಾಂಸರ ಅಭಿಪ್ರಾಯ. ತೆಂಕಣ ಗೋಡೆಯಲ್ಲಿ ಎಪ್ಪತ್ತು ಫಲಕಗಳ ರಾಮಾಯಣವುಂಟು. ವಿಚಿತ್ರವೆಂದರೆ ಅದರ ಕಥೆ ಪ್ರದಕ್ಷಿಣೆಗೆ ಎದುರಾಗಿ ನಡೆಯುತ್ತದೆ. ಮಕ್ಕಳನ್ನು ಕರೆದುಕೊಂಡು ಬಂದವರು ಕಥೆ ಹೇಳಬೇಕಾದರೆ ಹಿಂದುಹಿಂದಾಗಿ ಹೆಜ್ಜೆಯಿಡಬೇಕು! ಬಡಗಣ ಗೋಡೆಯ ಕೃಷ್ಣಲೀಲೆ, ಮಹಾಭಾರತಗಳಿಗೆ ಆ ತೊಂದರೆಯಿಲ್ಲ.

ಇಷ್ಟೆಲ್ಲ ನೋಡಿ ದಣಿದ ಕಣ್ಣಿಗೆ ಮುಖಮಂಟಪದ ಬಳಿಯ ದೊಡ್ಡ ಶಾಸನದ ಕಲ್ಲು ಸಪ್ಪೆಯಾಗಿ ಕಾಣಬಹುದು. ಅದರಲ್ಲಿ ಬೊಂಬೆಗಳಿಲ್ಲ, ಸಾಲಿಟ್ಟ ಅಕ್ಷರಗಳು ಮಾತ್ರ. ಆದರೆ ೧೧೯೭ರ ಆ ಶಾಸನದ ಪದ್ಯಗಳನ್ನು ರಚಿಸಿದವನು ಜನ್ನ. ಮುಂದೆ ೧೨೦೯ರಲ್ಲಿ ‘ಯಶೋಧರ ಚರಿತೆ’ಯನ್ನೂ ೧೨೩೦ರಲ್ಲಿ ‘ಅನಂತನಾಥ ಪುರಾಣ’ವನ್ನೂ ಬರೆದು ಕವಿಚಕ್ರವರ್ತಿಯೆನಿಸಿಕೊಂಡ ಆ ಜನ್ನನೇ. ಕನ್ನಡದ ಮಹಾಕವಿಯೊಬ್ಬನ ಕಾವ್ಯವನ್ನು ಅವನ ಕಾಲದಲ್ಲಿಯೇ ಬರೆದ ಅಕ್ಷರಗಳಲ್ಲಿ, ಬಯಲಿನಲ್ಲಿ, ದುಡ್ಡು ಕಾಸಿಲ್ಲದೆ ಓದಬಹುದಾದ ಸ್ಥಳಗಳು ಎಷ್ಟಿವೆ?

ಜನ್ನನು ಜೈನ. ದೇವಾಲಯ ಶಿವನದು. ಹೇಳಿಸಿದವನು ಸೇನಾಧಿಪತಿ, ಮೇಲೆ ಚಕ್ರವರ್ತಿ. ಕವಿಯು ತನ್ನದಲ್ಲದ ದೇವರನ್ನು ಸ್ತುತಿಸಬೇಕು, ಅರಸನನ್ನು ಹೊಗಳಬೇಕು, ದಂಡನಾಯಕನ ಹಿರಿಮೆಯನ್ನೂ ಹೇಳಬೇಕು. ಆದರೆ ಅರಸನಿಗಿಂತ ದಂಡನಾಯಕನು ಮಿಗಿಲಾಗಿ ಕಾಣುವಂತಿರಬಾರದು. ಅಕ್ಷರ ಕೊರೆದ ಮೇಲೆ ತಿದ್ದುಪಡಿ ಎಂಬುದಿಲ್ಲ. ಓಲೆಗರಿಯಾದರೆ ಹರಿದು ಬೇರೆ ಬರೆಯಬಹುದು. ಆಳೆತ್ತರದ ಬಂಡೆಯನ್ನು ಹರಿಯುವುದುಂಟೆ?

ಹೊಗಳಿಕೆಗಿಂತ ಬಿಗಿಯಾದ ಕೆಲಸ ದಾನದ ಭಾಗದ್ದು. ಸ್ತುತಿಯಲ್ಲಿ ಒಂದು ಮಾತು ಹೆಚ್ಚಾದರೆ ಕೇಳುವವರು ನಗುವರು, ಅಷ್ಟೆ. ದತ್ತಿಯ ಮಾತು ಜಾರಿದರೆ ಹೊಲವೇ ಜಾರುವುದು. ಕರ್ನಾಟಕದ ಶಾಸನಗಳಲ್ಲಿ ‘ಕೊಟ್ಟನು’ ಎಂಬುದೊಂದೇ ಮಾತಲ್ಲ. ದೇವರಿಗೋ ವಿದ್ವಾಂಸರಿಗೋ ತೆರಿಗೆಯ ಬಾಧೆಯಿಲ್ಲದೆ ಬಿಟ್ಟ ಭೂಮಿ ‘ಸರ್ವನಮಸ್ಯ’. ಕೆರೆ ಕಟ್ಟಿಸಿದವನಿಗೆ ಅದರ ಕೆಳಗೆ ಬಿಟ್ಟ ಗದ್ದೆ ‘ಬಿಟ್ಟುವಟ್ಟ’ ಅಥವಾ ‘ಕಟ್ಟುಗೊಡಗೆ’. ಊರಿಗಾಗಿ ರಕ್ತ ಸುರಿಸಿ ಸತ್ತವನ ಮನೆಯವರಿಗೆ ಕೊಟ್ಟದ್ದು ‘ನೆತ್ತರುಗೊಡಗೆ’. ಚಾಕರಿಗಾಗಿ ಕೊಟ್ಟದ್ದು ‘ಉಂಬಳಿ’. ಕೇಳುವುದಕ್ಕೆ ಎಲ್ಲವೂ ದಾನವೇ. ಆದರೆ ಯಾರು ತೆರಿಗೆ ಕೊಡಬೇಕು, ಯಾರು ಕೊಡಬೇಕಿಲ್ಲ, ಮಗನಿಗೆ ಬರುವುದೋ ಇಲ್ಲವೋ ಎಂಬುದೆಲ್ಲ ಆ ಒಂದು ಪದದ ಬೆನ್ನಿನ ಮೇಲೆ ಕುಳಿತಿರುತ್ತಿತ್ತು. ಮೂರು ತಲೆಮಾರಿನ ತರುವಾಯ ಬಂದ ಅಧಿಕಾರಿಯೊಬ್ಬನು ಹಾರೆ ಹಿಡಿದು ಎಲ್ಲೆಕಲ್ಲನ್ನು ಕೀಳಲು ಬಂದರೆ, ಒಕ್ಕಲಿಗನೂ ಪೂಜಾರಿಯೂ ಓಡುತ್ತಿದ್ದದ್ದು ಈ ಕಲ್ಲಿನ ಬಳಿಗೆ. ಸೂರ್ಯಚಂದ್ರರಿರುವವರೆಗೆ ಎಂಬ ಅರ್ಥದ ‘ಆಚಂದ್ರಾರ್ಕ’ ಎಂಬ ಮಾತು ಅಲಂಕಾರಕ್ಕೆ ಬಂದದ್ದಲ್ಲ, ಅದೇ ವಾಯಿದೆ. ಇಷ್ಟಾದರೂ ನಂಬಿಕೆ ಸಾಲದೆ, ದತ್ತಿಯನ್ನು ಕಿತ್ತುಕೊಂಡವನು ಅರುವತ್ತು ಸಾವಿರ ವರ್ಷ ಅಮೇಧ್ಯದ ಹುಳುವಾಗಿ ಹುಟ್ಟುವನೆಂಬ ಶಾಪವನ್ನೂ ಕೊನೆಗೆ ಸೇರಿಸುವುದು ಸಂಪ್ರದಾಯವಾಗಿತ್ತು. ಮಾತಿನ ಬಲ ಎಷ್ಟೆಂಬುದನ್ನು ಬಲ್ಲವರೇ ಅದರ ಬಲಹೀನತೆಯನ್ನೂ ಬಲ್ಲವರಾಗಿದ್ದರು.

ಶಾಸನಗಳು ಆಡದೆ ಬಿಡುವ ಮಾತೂ ಒಂದುಂಟು. ಅದು ಸೋಲು. ಕಲ್ಲುಗಳನ್ನೇ ನಂಬಿದರೆ ಕರ್ನಾಟಕದಲ್ಲಿ ಯಾವ ಅರಸನೂ ಎಂದೂ ಸೋತಂತೆ ತೋರುವುದಿಲ್ಲ. ಹೊಯ್ಸಳರ ಗೆಲುವನ್ನು ಹೊಯ್ಸಳರ ಕಲ್ಲಿನಲ್ಲಿ, ಸೇವುಣರ ಗೆಲುವನ್ನು ಸೇವುಣರ ಕಲ್ಲಿನಲ್ಲಿ ಓದಿ, ನಡುವಿನ ಸತ್ಯವನ್ನು ಚರಿತ್ರಕಾರನು ಹೆಕ್ಕಿಕೊಳ್ಳಬೇಕು. ಹಾಗಾದರೆ ಸೋಲನ್ನು ಸ್ವತಃ ಅರಸನೇ ಪ್ರಜೆಗಳಿಗೆ ಸಾರಬೇಕಾಗಿ ಬಂದರೆ ಯಾವ ಮಾತನ್ನು ಆರಿಸಬೇಕು? ಜನ್ನನಿಗೆ ಬರದಿದ್ದ ಆ ಕಷ್ಟ ಏಳೂವರೆ ಶತಮಾನಗಳ ತರುವಾಯ ದೂರದ ಜಪಾನಿನಲ್ಲಿ ಕೆಲವು ವಿದ್ವಾಂಸರಿಗೂ ಮಂತ್ರಿಗಳಿಗೂ ಬಂದಿತು.

೧೯೪೫ರ ಜುಲೈ ೨೬ರಂದು ಮಿತ್ರರಾಷ್ಟ್ರಗಳು ಪಾಟ್ಸ್‌ಡ್ಯಾಮ್ ಘೋಷಣೆಯಲ್ಲಿ ಜಪಾನು ಶರಣಾಗಬೇಕೆಂದು ಕೇಳಿದವು. ಎರಡು ದಿನಗಳಲ್ಲಿ ಪ್ರಧಾನಿ ಸುಜುಕಿ ಕಾಂತಾರೋ ಪತ್ರಕರ್ತರೆದುರು ಅದಕ್ಕೆ ಉತ್ತರವಾಗಿ ಬಳಸಿದ ಪದ ‘ಮೊಕುಸತ್ಸು’. ಬರೆಯುವಾಗ ಅದಕ್ಕೆ ಎರಡು ಅಕ್ಷರಗಳು: ಮೊದಲನೆಯದು ಮೌನ, ಎರಡನೆಯದು ಕೊಲ್ಲುವುದು. ಸದ್ಯಕ್ಕೆ ಏನೂ ಹೇಳದೆ ಸುಮ್ಮನಿರುವೆವು ಎಂದೂ ಅರ್ಥ ಮಾಡಬಹುದು; ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳೆವು ಎಂದೂ ಮಾಡಬಹುದು. ಹೊರಗಿನ ಪತ್ರಿಕೆಗಳು ಅದನ್ನು ತಿರಸ್ಕಾರವೆಂದೇ ಸಾರಿದವು. ಆಗಸ್ಟ್ ೬ರಂದು ಹಿರೋಷಿಮಾ, ೯ರಂದು ನಾಗಸಾಕಿ ಸುಟ್ಟವು. ಆ ಒಂದು ಪದವೇ ಬಾಂಬನ್ನು ತಂದಿತೆಂದು ಹೇಳುವವರುಂಟು. ಚರಿತ್ರಕಾರರಲ್ಲಿ ಈ ಬಗ್ಗೆ ಒಮ್ಮತವಿಲ್ಲ. ಬಾಂಬಿನ ಸಿದ್ಧತೆ ಪದಕ್ಕಾಗಿ ಕಾದಿರಲಿಲ್ಲವೆಂಬುದೇ ಹೆಚ್ಚು ನಂಬತಕ್ಕ ವಿಚಾರ. ಆದರೂ ಅಂಥ ಗಳಿಗೆಯಲ್ಲಿ ಎರಡು ಬಾಯಿಯ ಪದವನ್ನು ಆಡಬಾರದಿತ್ತು ಎಂಬುದರಲ್ಲಿ ಸಂದೇಹವಿಲ್ಲ.

ಅದಕ್ಕಿಂತ ಕುತೂಹಲಕರವಾದುದು ಆಗಸ್ಟ್ ೧೪ರ ಮಂತ್ರಿಸಭೆ. ಯುದ್ಧ ನಿಲ್ಲಿಸುವ ನಿರ್ಧಾರವಾಗಿಹೋಗಿತ್ತು. ಉಳಿದದ್ದು ಚಕ್ರವರ್ತಿಯ ಘೋಷಣೆಯ ಮಾತುಗಳು. ಪ್ರಾಚೀನ ಚೀನೀ ಗ್ರಂಥಗಳ ಪಂಡಿತರು ಕರಡನ್ನು ತಿದ್ದಿಕೊಟ್ಟಿದ್ದರು. ಯುದ್ಧಸ್ಥಿತಿ ದಿನದಿನಕ್ಕೆ ಕೆಡುತ್ತಿದೆ ಎಂಬರ್ಥದ ಮಾತು ಅದರಲ್ಲಿತ್ತು. ಸೇನಾಮಂತ್ರಿ ಅನಾಮಿ ಒಪ್ಪಲಿಲ್ಲ. ಹಾಗೆಂದರೆ ರಣದಲ್ಲಿ ಸತ್ತವರಿಗೆ ಏನು ಉತ್ತರ? ಗಂಟೆಗಟ್ಟಲೆ ವಾದವಾಗಿ, ಯುದ್ಧಸ್ಥಿತಿಯು ಜಪಾನಿಗೆ ಅನುಕೂಲವಾಗಿಯೇ ತಿರುಗಿತೆಂದು ಹೇಳುವಂತಿಲ್ಲ ಎಂಬ ಸುತ್ತುಮಾತು ನಿಂತಿತು. ಪಂಡಿತರಾದ ಯಾಸುಓಕಾ ಮಸಾಹಿರೊ ಸೇರಿಸಿದ್ದ ‘ಗಿಮೆಇ’ ಎಂಬ ಪದ, ಎಂದರೆ ಧರ್ಮದ ಆಜ್ಞೆ, ಯಾರಿಗೂ ತಿಳಿಯದು ಎಂಬ ಕಾರಣದಿಂದ ಬಿದ್ದುಹೋಗಿ, ಕಾಲಗತಿ ಎಂಬರ್ಥದ ಮಾತು ಅಲ್ಲಿಗೆ ಬಂತು. ಧರ್ಮ ಬಯಸಿದ್ದರಿಂದ ಯುದ್ಧ ನಿಲ್ಲಿಸಿದೆವು ಎನ್ನುವುದೇ ಬೇರೆ. ಕಾಲ ಹೀಗೆ ತಿರುಗಿದ್ದರಿಂದ ನಿಲ್ಲಿಸಿದೆವು ಎನ್ನುವುದೇ ಬೇರೆ. ಯಾಸುಓಕಾ ಅವರಿಗೆ ಈ ಬದಲಾವಣೆ ಮುಂದೆಯೂ ನೋವನ್ನುಂಟುಮಾಡಿತೆಂದರೆ ಆಶ್ಚರ್ಯವಲ್ಲ.

ಮರುದಿನ ನಡುಹಗಲಿಗೆ ಚಕ್ರವರ್ತಿಯ ಧ್ವನಿಯನ್ನು ಪ್ರಜೆಗಳು ಬಾನುಲಿಯಲ್ಲಿ ಮೊದಲ ಬಾರಿಗೆ ಕೇಳಿದರು. ಭಾಷೆ ಆಸ್ಥಾನದ್ದು, ನಮ್ಮಲ್ಲಿ ಹಳಗನ್ನಡದಲ್ಲಿ ಹುಕುಮು ಹೊರಡಿಸಿದಂತೆ. ಸೋಲು, ಶರಣಾಗತಿ ಎಂಬ ಪದಗಳು ಅದರಲ್ಲಿ ಎಲ್ಲಿಯೂ ಇರಲಿಲ್ಲ. ನಾಲ್ಕು ರಾಷ್ಟ್ರಗಳ ಘೋಷಣೆಯನ್ನು ಒಪ್ಪಿದೆವೆಂದು ತಿಳಿಸಲು ಸರ್ಕಾರಕ್ಕೆ ಅಪ್ಪಣೆಯಿತ್ತಿದ್ದೇವೆ ಎಂದಷ್ಟೇ ಇತ್ತು. ಎಷ್ಟೋ ಮಂದಿಗೆ ಅರ್ಥವೇ ಆಗಲಿಲ್ಲ. ಉದ್ಘೋಷಕನು ಮತ್ತೆ ಓದಿ ವಿವರಿಸಿದ ಮೇಲೆ ಜನ ನೆಲಕ್ಕೆ ಕುಸಿದು ಅತ್ತರು. ಇಂದಿಗೂ ಆ ದಿನಕ್ಕೆ ಅಲ್ಲಿ ‘ಶೂಸೆನ್’, ಯುದ್ಧದ ಮುಕ್ತಾಯ, ಎಂಬ ಹೆಸರೇ ರೂಢಿಯಲ್ಲಿದೆ; ‘ಹೈಸೆನ್’, ಯುದ್ಧದಲ್ಲಿ ಸೋಲು, ಎಂದೇ ಹೇಳಬೇಕೆಂದು ವಾದಿಸುವವರೂ ಇದ್ದಾರೆ. ಒಂದೇ ದಿನ, ಒಂದೇ ಘಟನೆ, ಎರಡು ಪದ. ಯಾವುದನ್ನು ಆರಿಸಿದರೂ ಆರಿಸಿದವನ ಮನಸ್ಸು ಬಯಲಾಗುವುದು.

ಮೃದುವಾದ ಹೆಸರಿನ ಹಿಂದೆ ಕಠಿನವಾದ ವಸ್ತುವನ್ನಿಡುವ ಈ ಜಾಣತನವನ್ನು ಮೈಸೂರಿನ ದೊರೆಗಳೂ ಅರಿಯದವರಲ್ಲ. ಅದನ್ನು ಕಣ್ಣಾರೆ ನೋಡಬೇಕಾದರೆ ಅಜ್ಜಂಪುರಕ್ಕೆ ಹೋಗಬೇಕು. ಸಣ್ಣಕಥೆಗಾರ ‘ಆನಂದ’ರ, ಎಂದರೆ ಅಜ್ಜಂಪುರ ಸೀತಾರಾಮರ, ಹೆಸರಿನೊಂದಿಗೆ ಕನ್ನಡಿಗರ ಮನೆಮನೆಗೆ ಬಂದ ಊರು ಇದು. ತರೀಕೆರೆಯ ಹಸಿರು ಹಿಂದುಳಿದು ಕರಿಯ ನೆಲ ಕಾಲಿಗೆ ಅಂಟತೊಡಗುತ್ತದೆ. ಇಲ್ಲಿ ೧೯೨೯ರಲ್ಲಿ ಏರ್ಪಟ್ಟ ಅಮೃತಮಹಲ್ ತಳಿಯ ದನಗಳ ಸಂವರ್ಧನ ಕೇಂದ್ರವಿದೆ.

ಈ ದನಗಳನ್ನು ಒಮ್ಮೆ ಕಂಡವರು ಮರೆಯಲಾರರು. ಬೂದುಬಣ್ಣದ ಬಿಗಿಯಾದ ಮೈ, ನೀಳವಾದ ಮುಖ, ಹಿಂದಕ್ಕೆ ಬಾಗಿ ಮತ್ತೆ ಮೇಲಕ್ಕೇಳುವ ಚೂಪಾದ ಕೊಂಬುಗಳು, ಹೊಸಬರನ್ನು ಹತ್ತಿರಕ್ಕೆ ಬಿಡದ ಕಣ್ಣು. ಹಳ್ಳಿಕಾರ, ಹಾಗಲವಾಡಿ, ಚಿತ್ರದುರ್ಗದ ತಳಿಗಳಿಂದ ಬೆಳೆದುಬಂದ ಈ ಮಂದೆಗೆ ಮೊದಲಿದ್ದ ಹೆಸರು ‘ಕರುಹಟ್ಟಿ’. ಚಿಕ್ಕದೇವರಾಜ ಒಡೆಯರು ೧೬೭೩ರಿಂದ ೧೭೦೪ರವರೆಗೆ ಆಳಿದ ಕಾಲದಲ್ಲಿ ಅದನ್ನು ಒಂದು ಇಲಾಖೆಯನ್ನಾಗಿ ಮಾಡಿ ‘ಬೆಣ್ಣೆ ಚಾವಡಿ’ ಎಂದು ಹೆಸರಿಟ್ಟರು. ಅರಮನೆಗೆ ಹಾಲುಬೆಣ್ಣೆ ಒದಗಿಸುವುದು ಅದರ ಕೆಲಸವೆಂದು ಹೆಸರೇ ಹೇಳುವುದು. ಆದರೆ ಆ ಚಾವಡಿಯ ಎತ್ತುಗಳು ಹೈದರಾಲಿಯ ಕಾಲಕ್ಕಾಗಲೇ ಎಳೆಯುತ್ತಿದ್ದದ್ದು ಫಿರಂಗಿಗಳನ್ನು. ಹೈದರನು ಚಿದಂಬರದ ರಕ್ಷಣೆಗೆ ಎರಡೂವರೆ ದಿನಗಳಲ್ಲಿ ನೂರು ಮೈಲಿ ನಡೆದದ್ದು ಈ ಎತ್ತುಗಳ ಬಲದಿಂದಲೇ ಎಂಬ ಹೇಳಿಕೆಯುಂಟು.

ಟಿಪ್ಪು ಸುಲ್ತಾನನು ಆ ಹೆಸರನ್ನು ಬದಲಾಯಿಸಿದನು. ಟಿಪ್ಪುವಿಗೆ ಹೆಸರು ಬದಲಾಯಿಸುವ ಹವ್ಯಾಸ ಎಷ್ಟಿತ್ತೆಂಬುದು ಚರಿತ್ರೆ ಓದಿದವರಿಗೆಲ್ಲ ಗೊತ್ತು. ತಿಂಗಳುಗಳಿಗೂ ವರ್ಷಗಳಿಗೂ ನಾಣ್ಯಗಳಿಗೂ ಹೊಸ ಹೆಸರು. ದೇವನಹಳ್ಳಿ ಯೂಸುಫಾಬಾದ್ ಆಯಿತು, ಸಕಲೇಶಪುರದ ಸೀಮೆ ಮಂಜರಾಬಾದ್ ಆಯಿತು. ಅಂಥವನು ದನದ ಇಲಾಖೆಗೆ ಮಾತ್ರ ಆರಿಸಿದ ಹೆಸರು ‘ಅಮೃತ ಮಹಲ್’. ಮೊದಲ ಪದ ಸಂಸ್ಕೃತದ್ದು, ಎರಡನೆಯದು ಅರಬ್ಬಿಯದು. ಮಂದೆ ಕಾಯುವವರು ಹಳ್ಳಿಯವರು. ಗೋವಿನ ಹಾಲಿಗೆ ಅಮೃತವೆನ್ನುವ ಜನ. ಅವರ ನಾಲಗೆಗೆ ಒಗ್ಗುವ ಪದವನ್ನು ಇಟ್ಟುಕೊಂಡು, ತನ್ನ ಸರ್ಕಾರದ ಗುರುತನ್ನು ಅದರ ಪಕ್ಕದಲ್ಲಿ ನಿಲ್ಲಿಸಿದ್ದು ಬುದ್ಧಿವಂತಿಕೆಯೇ ಸರಿ. ಮಂದೆಗಳ ನಿರ್ವಹಣೆಯ ನಿಯಮಗಳಿಗಾಗಿ ಅವನು ಒಂದು ಹುಕುಮ್‌ನಾಮೆಯನ್ನೂ ಹೊರಡಿಸಿದನು. ಹೆಸರಿನಲ್ಲಿ ಹಾಲಿತ್ತು, ಕೆಲಸದಲ್ಲಿ ಮದ್ದುಗುಂಡು. ನಿಜ ಹೇಳಬೇಕೆಂದರೆ ಅಮೃತಮಹಲ್ ಹಸುಗಳು ಹಾಲು ಕೊಡುವುದರಲ್ಲಿ ತೀರ ಕಡಿಮೆ. ಕರುವಿಗೆ ಸಾಕಾದರೆ ಪುಣ್ಯ.

೧೭೯೯ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಟಿಪ್ಪುವಿಟ್ಟ ಹೆಸರುಗಳಲ್ಲಿ ಹೆಚ್ಚಿನವು ಒಂದೊಂದಾಗಿ ಅಳಿದವು. ಇದು ಅಳಿಯಲಿಲ್ಲ. ಇಂಗ್ಲಿಷರು ಮಂದೆಯೊಂದಿಗೆ ಹೆಸರನ್ನೂ ಹಾಗೆಯೇ ಎತ್ತಿಕೊಂಡು, ೧೮೧೩ರಲ್ಲಿ ಕ್ಯಾಪ್ಟನ್ ಹಾರ್ವೆಯ ವಶಕ್ಕೆ ಕೊಟ್ಟು ತಮ್ಮ ತೋಪುಗಳಿಗೆ ಎತ್ತುಗಳನ್ನು ಬೆಳೆಸಿದರು. ೧೮೬೦ರಲ್ಲಿ ಮದ್ರಾಸು ಸರ್ಕಾರವು ಮಿತವ್ಯಯವೆಂಬ ಮತ್ತೊಂದು ಮೃದುವಾದ ಮಾತಿನ ಮರೆಯಲ್ಲಿ ಮಂದೆಯನ್ನೇ ಮಾರಿ ಚೆದರಿಸಿತು. ಎತ್ತುಗಳ ಅಭಾವ ತಲೆದೋರಿ, ಕೆಲವೇ ವರ್ಷಗಳಲ್ಲಿ ಮೈಸೂರಿನಲ್ಲಿ ಅದನ್ನು ಮತ್ತೆ ಕೂಡಿಹಾಕಬೇಕಾಯಿತು. ಆಗಲೂ ಬೇರೆ ಹೆಸರನ್ನು ಯಾರೂ ಯೋಚಿಸಲಿಲ್ಲ.

ಅಜ್ಜಂಪುರವೇ ಈಚೆಗೆ ಒಂದು ಸರ್ಕಾರಿ ಘೋಷಣೆಯಿಂದ ಬದಲಾದ ಊರು. ತರೀಕೆರೆ ತಾಲ್ಲೂಕಿನ ಒಂದು ಹೋಬಳಿಯಾಗಿದ್ದುದನ್ನು ೨೦೧೭ರ ಮುಂಗಡಪತ್ರದಲ್ಲಿ ತಾಲ್ಲೂಕೆಂದು ಸಾರಿದರು. ಅಂಗಡಿಯ ಹಲಗೆಗಳ ಮೇಲೆ ‘ತರೀಕೆರೆ ತಾಲ್ಲೂಕು’ ಎಂದಿದ್ದುದನ್ನು ಅಳಿಸಿ ‘ಅಜ್ಜಂಪುರ ತಾಲ್ಲೂಕು’ ಎಂದು ಬರೆಸಿಕೊಂಡ ಸಂತೋಷ ಊರಿನದು.

ದನಗಳಿಗೆ ಬಿಟ್ಟ ಹುಲ್ಲುಗಾವಲಿಗೆ ಈ ಸೀಮೆಯಲ್ಲಿ ‘ಕಾವಲು’ ಎಂದು ಹೆಸರು. ಹಿಂದೆ ತುರುಗಳನ್ನು ಕದ್ದೊಯ್ಯುವವರೊಡನೆ ಹೋರಾಡಿ ಮಡಿದವರಿಗೆ ವೀರಗಲ್ಲು ನಿಲ್ಲಿಸಿದ ನಾಡಿಗೆ ಆ ಮಾತು ಚೆನ್ನಾಗಿಯೇ ಒಪ್ಪುತ್ತದೆ. ಈಗ ಕಾವಲುಗಳು ಒತ್ತುವರಿಯಾಗಿ ಕಿರಿದಾಗಿವೆ. ಉಳುವ ಕೆಲಸ ಟ್ರಾಕ್ಟರಿನ ಪಾಲಾಗಿ ಎತ್ತಿನ ಬೇಡಿಕೆಯೂ ತಗ್ಗಿದೆ. ಸಂಜೆ ಮಂದೆ ಮರಳುವ ಹೊತ್ತಿಗೆ ಕರಿಯ ಧೂಳೆದ್ದು ಕೊಂಬುಗಳ ತುದಿ ಮಾತ್ರ ಮೇಲೆ ಕಾಣುತ್ತದೆ. ಕಾಯುವವನು ಪ್ರತಿಯೊಂದನ್ನೂ ಅದರ ಹೆಸರಿನಿಂದ ಕೂಗುತ್ತ ದೊಡ್ಡಿಯ ಬಾಗಿಲಲ್ಲಿ ಎಣಿಸಿ ಒಳಕ್ಕೆ ಬಿಡುತ್ತಾನೆ.